ಅಕ್ಕನ ಪಾಲಿಗೊಂದು ದಾರಿ

ಮದುವೆಯಾದ ಹೆಣ್ಣುಮಗಳಿಗೆ ತವರಿನಿಂದ ಫೋನ್ ಬಂದು, "ಆಧಾರ್ ಕಾರ್ಡು, ಪ್ಯಾನ್ ಕಾರ್ಡು ಎರಡೂ ತಗೊಂಡು ಒಂದ್ಸಲ ಬಂದು ಹೋಗು" ಎಂದರೆ ಏನು ಅರ್ಥ ಎಂದು ನಮ್ಮ ಕಡೆ ಬಿಡಿಸಿ ಹೇಳಬೇಕಾಗಿಲ್ಲ. ಹೋಗಬೇಕು, ತೋರಿಸಿದ ಕಡೆಯೆಲ್ಲ ಸಹಿ ಹಾಕಬೇಕು, ಹೋಳಿಗೆ ಊಟ ಮಾಡಿ, ಉಡಿ ತುಂಬಿಸಿಕೊಂಡು ಸಂಜೆಯ ಬಸ್ಸಿಗೆ ವಾಪಸ್ಸು ಬರಬೇಕು. ಆ ಕಾಗದಕ್ಕೆ ಹಕ್ಕು ಖುಲಾಸೆ ಪತ್ರ ಎಂದು ಹೆಸರು. ನನ್ನ ಓರಗಿತ್ತಿಯರು, ಗೆಳತಿಯರು, ಪಕ್ಕದ ಮನೆಯವರು ಎಲ್ಲರೂ ಅದಕ್ಕೆ ಸಹಿ ಹಾಕಿ ಬಂದವರೇ. ಉಡಿಗೆ ಹಾಕಿದ ಸೀರೆಯ ಬಣ್ಣ ಅವರಿಗೆ ನೆನಪಿದೆ. ಕಾಗದದಲ್ಲಿ ಏನು ಬರೆದಿತ್ತೆಂದು ಕೇಳಿದರೆ ಒಬ್ಬರೂ ಹೇಳಲಾರರು.

ಅಣ್ಣನ ಫೋನ್ ಬಂದಾಗ ನಾನು ಶಿವಮೊಗ್ಗದ ವಿದ್ಯಾನಗರದಲ್ಲಿ ನಮ್ಮ ಮನೆಯ ತಾರಸಿ ಮೇಲೆ ಹಪ್ಪಳ ತಿರುವಿ ಹಾಕುತ್ತಿದ್ದೆ. ಭದ್ರಾವತಿಯ ಓಲ್ಡ್ ಟೌನಿನಲ್ಲಿರುವ ತವರುಮನೆ ಅಪ್ಪನ ಸ್ವಂತ ಸಂಪಾದನೆಯದು. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡು ವರ್ಷಗಳಾಗಿದ್ದರೂ ನಗರಸಭೆಯ ಖಾತೆಯಲ್ಲಿ ಅಪ್ಪ ಇನ್ನೂ ಬದುಕಿದ್ದರು. ಅಣ್ಣ ಅವರ ಹೆಸರಿನಲ್ಲೇ ಕಂದಾಯ ಕಟ್ಟಿಕೊಂಡು ಹಾಯಾಗಿದ್ದ. ಈಗ ಇ-ಖಾತೆ ಇಲ್ಲದೆ ಯಾವ ಪತ್ರವೂ ರಿಜಿಸ್ಟರ್ ಆಗುವುದಿಲ್ಲ, ಕಟ್ಟಡಕ್ಕೆ ಪರವಾನಗಿಯೂ ಸಿಗುವುದಿಲ್ಲ ಎಂದು ಗೊತ್ತಾದ ಮೇಲೆ ಅವನಿಗೆ ಎಚ್ಚರವಾಗಿತ್ತು. ಮನೆಯ ಮುಂಭಾಗದಲ್ಲಿ ಅಪ್ಪನ ಕಾಲದಿಂದ ನಡೆಸುತ್ತಿರುವ ಪಾತ್ರೆ ಅಂಗಡಿಯ ಮೇಲೆ ಇನ್ನೊಂದು ಅಂತಸ್ತು ಎಬ್ಬಿಸುವ ಆಸೆ ಅವನಿಗೆ.

"ಬರ್ತೀನಿ" ಎಂದೆ. ನನಗೂ ಅಲ್ಲಿಂದ ಏನೂ ಬೇಕಾಗಿರಲಿಲ್ಲ. ದೇವರು ಕೊಟ್ಟದ್ದು ಇದೆ. ಸೀರೆ ಯಾವ ಬಣ್ಣದ್ದು ಕೊಡುತ್ತಾನೋ ಎಂದು ಯೋಚಿಸುತ್ತಾ ಹಪ್ಪಳ ತಿರುವಿದೆ.

ಸ್ವಲ್ಪ ಹೊತ್ತಿಗೆ ಅಕ್ಕನ ಫೋನ್ ಬಂತು. ನಮ್ಮ ಮೂವರಲ್ಲಿ ಅವಳೇ ದೊಡ್ಡವಳು. ಮದುವೆಯಾಗಲಿಲ್ಲ. ಅದೇ ಮನೆಯ ಹಿಂಭಾಗದಲ್ಲಿ ಇದ್ದುಕೊಂಡು ಬಟ್ಟೆ ಹೊಲಿಯುತ್ತಾಳೆ. ಯಾವತ್ತೂ ಗಟ್ಟಿಯಾಗಿ ಮಾತಾಡುವವಳಲ್ಲ. ಅವತ್ತಂತೂ ಬಾವಿಯೊಳಗಿಂದ ಬಂದಂತಿತ್ತು ದನಿ.

"ನೀನು ಸಹಿ ಹಾಕಿ ಬಿಟ್ಕೊಡ್ತೀಯಂತೆ?"

"ಹೂಂ. ನನಗೆ ಯಾಕಕ್ಕ ಅದು?"

"ನೀನು ಬಿಟ್ಟುಕೊಟ್ರೆ ನಾನೂ ಬಿಟ್ಕೊಡ್ಬೇಕಾಗುತ್ತೆ ಕಣೆ. ಚಿಕ್ಕವಳೇ ಬಿಟ್ಟಳು, ನಿನಗೇನು ಕಷ್ಟ ಅಂತಾರೆ. ನನಗೆ ಒಂದು ಮನೆ ನಂಬರ್ ಬೇಕು. ನನ್ನ ಹೆಸರಲ್ಲಿ."

ಅಷ್ಟು ಹೇಳಿ ಇಟ್ಟುಬಿಟ್ಟಳು. ಅಲ್ಲಿವರೆಗೆ ಅಕ್ಕ ಯಾರ ಹತ್ತಿರವೂ ಏನನ್ನೂ ಬೇಕು ಎಂದು ಕೇಳಿದ್ದನ್ನು ನಾನು ಕಂಡಿರಲಿಲ್ಲ. ನನಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು. ನನ್ನ ವಿಷಯದಲ್ಲಿ ಎರಡೂ ಒಟ್ಟಿಗೇ ಬರುವುದು ವಾಡಿಕೆ. ತಕ್ಷಣ ಅಣ್ಣನಿಗೆ ಫೋನ್ ಮಾಡಿ, ಖುಲಾಸೆ ಪತ್ರ ಇಲ್ಲ, ಮಾಡಿಸುವುದಾದರೆ ವಿಭಾಗ ಪತ್ರ, ಮೂರು ಪಾಲು, ಮೂವರ ಹೆಸರಿನಲ್ಲಿ ಎಂದೆ.

ಅಣ್ಣ ಜಗಳ ಆಡಲಿಲ್ಲ. ಅವನು ಕೆಟ್ಟವನಲ್ಲ. "ಆಯ್ತು ಮಾರಾಯ್ತಿ, ಅದಕ್ಕೇನು, ಅಪ್ಪ ಹೇಳಿದ್ದೂ ಹಾಗೇ ಅಲ್ವಾ?" ಎಂದ. ಹೌದು, ಅಪ್ಪ ಬಾಯಿಮಾತಿನಲ್ಲಿ ಹಂಚಿಯೇ ಹೋಗಿದ್ದರು. ನಮ್ಮದು ಪೇಟೆಬೀದಿಯ ಮನೆ. ಅಗಲ ಕಡಿಮೆ, ಉದ್ದ ಜಾಸ್ತಿ, ರೈಲು ಡಬ್ಬಿಯ ಹಾಗೆ. ಬೀದಿಗೆ ಪಾತ್ರೆ ಅಂಗಡಿ, ಅದರ ಹಿಂದೆ ಅಣ್ಣನ ಸಂಸಾರ, ಆಮೇಲೆ ನಡುಮನೆ, ಅದರ ಹಿಂದೆ ಅಕ್ಕನ ಕೋಣೆ, ಅಡುಗೆಮನೆ, ಚೂರು ಹಿತ್ತಲು. ಮುಂದಿನದು ಅವನಿಗೆ, ನಡುವಿನದು ನನಗೆ, ಹಿಂದಿನದು ಅಕ್ಕನಿಗೆ. ಇಷ್ಟನ್ನೇ ಕಾಗದಕ್ಕೆ ಇಳಿಸಿದರೆ ಮುಗಿಯಿತು ಎಂದು ಮೂವರೂ ಅಂದುಕೊಂಡೆವು.

ಬಾಂಡ್ ರೈಟರ್ ಒಬ್ಬರನ್ನು ಅಣ್ಣ ಹಿಡಿದು ತಂದ. ಎಷ್ಟೋ ವರ್ಷದಿಂದ ಪತ್ರ ಬರೆದು ಬರೆದು ಅವರ ಮಾತೂ ಪತ್ರದಂತೆಯೇ ಆಗಿತ್ತು. ಕಾಫಿ ಕೊಟ್ಟರೆ "ಸದರಿ ಕಾಫಿಗೆ ಸಕ್ಕರೆ ಕಡಿಮೆ ಇರತಕ್ಕದ್ದು" ಎನ್ನುತ್ತಾರೇನೋ ಎಂದು ನಾನು ಅತ್ತಿಗೆಯ ಕಿವಿಯಲ್ಲಿ ಹೇಳಿ ಇಬ್ಬರೂ ನಕ್ಕೆವು. ಆದರೆ ಅವರು ಬೇಕಾದ ಕಾಗದಗಳನ್ನು ಹೇಳಲು ಶುರುಮಾಡಿದ ಮೇಲೆ ನಗು ನಿಂತಿತು. ಮೊದಲು ಅಪ್ಪ ಅಮ್ಮನ ಮರಣ ಪ್ರಮಾಣ ಪತ್ರ. ಅದನ್ನು ಹಿಡಿದುಕೊಂಡು ನಾಡಕಚೇರಿಯಿಂದ ವಂಶವೃಕ್ಷ. ಅದನ್ನು ಹಿಡಿದುಕೊಂಡು ನಗರಸಭೆಯಲ್ಲಿ ಮೂವರ ಹೆಸರಿಗೂ ಜಂಟಿ ಖಾತೆ, ಅದಕ್ಕೆ ಇ-ಖಾತೆ. ಕಂದಾಯ ಬಾಕಿ ಇರಬಾರದು. ಮನೆ ಮೇಲೆ ಸಾಲಸೋಲ ಇಲ್ಲ ಎನ್ನುವ ಋಣಭಾರ ಪತ್ರ ಬೇಕು. ಪ್ರತಿ ಪಾಲಿಗೂ ಅಳತೆ, ನಕ್ಷೆ, ನಾಲ್ಕು ದಿಕ್ಕಿಗೆ ಏನಿದೆ ಎನ್ನುವ ಚಕ್ಕುಬಂದಿ ಬೇಕು. ಎಲ್ಲವನ್ನೂ ಕಂಪ್ಯೂಟರಿನಲ್ಲಿ ಹಾಕಿ, ನೋಂದಣಿ ಕಚೇರಿಯವರು ನೋಡಿ ಸರಿ ಅಂದ ಮೇಲೆ ದಿನ ಗೊತ್ತುಮಾಡಿಕೊಂಡು, ಸಾಕ್ಷಿಗಳ ಜೊತೆ ಮೂವರೂ ಸಬ್ ರಿಜಿಸ್ಟ್ರಾರ್ ಮುಂದೆ ಖುದ್ದಾಗಿ ನಿಲ್ಲಬೇಕು. ಅದಾದ ಮೇಲೆ ಮತ್ತೆ ನಗರಸಭೆಗೆ ಹೋಗಿ ಒಂದು ಖಾತೆಯನ್ನು ಮೂರು ಮಾಡಿಸಬೇಕು.

ನಾನು ಶಿವಮೊಗ್ಗ ಭದ್ರಾವತಿ ಬಸ್ಸಿಗೆ ಆ ತಿಂಗಳುಗಳಲ್ಲಿ ಎಷ್ಟು ಓಡಾಡಿದೆನೆಂದರೆ ಕಂಡಕ್ಟರು ಎಲ್ಲಿಗೆ ಎಂದು ಕೇಳುವುದನ್ನೇ ಬಿಟ್ಟ. ಬೈದುಕೊಂಡೇ ಓಡಾಡಿದೆ, ಆದರೆ ಒಂದು ಮಾತು ಹೇಳಬೇಕು. ವಂಶವೃಕ್ಷ ಕೈಗೆ ಬಂದ ದಿನ ಅಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಅಪ್ಪನ ಹೆಸರಿನ ಕೆಳಗೆ ಮೊದಲ ಹೆಸರು ಅವಳದೇ. "ನನ್ನದೇ ಮೊದಲು ಬರ್ದಿದಾರೆ" ಎಂದಳು. ದೊಡ್ಡವಳಲ್ಲವೇ ಎಂದೆ. ಹೌದಲ್ಲ ಎಂದು ನಕ್ಕಳು.

ತೊಡಕು ಬಂದದ್ದು ನಕ್ಷೆಯಲ್ಲಿ. ಬಾಂಡ್ ರೈಟರ್ ಹಾಳೆಯ ಮೇಲೆ ಉದ್ದ ಡಬ್ಬಿ ಬರೆದು, ಅಡ್ಡ ಗೆರೆ ಎಳೆದು ಮೂರು ಪಾಲು ಮಾಡಿದರು. ಹಿಂದಿನ ಪಾಲಿನ ಚಕ್ಕುಬಂದಿ ಬರೆಯುವಾಗ ಪೆನ್ನು ನಿಲ್ಲಿಸಿ, "ಇವರಿಗೆ ದಾರಿ ಎಲ್ಲಿದೆ?" ಎಂದು ಕೇಳಿದರು.

ಆ ಮನೆಗೆ ಇದ್ದದ್ದು ಒಂದೇ ಬಾಗಿಲು, ಅದು ಅಂಗಡಿಯದು. ಬೆಳಿಗ್ಗೆ ಅಣ್ಣ ಶಟರ್ ಎತ್ತಿದರೆ ಮನೆ ತೆರೆಯಿತು, ರಾತ್ರಿ ಎಳೆದರೆ ಮುಚ್ಚಿತು. ಹಾಲಿನವನು, ಪೋಸ್ಟಿನವನು, ಬೀಗರು, ಅಕ್ಕನ ಹತ್ತಿರ ಬ್ಲೌಸ್ ಹೊಲಿಸುವ ಹೆಂಗಸರು, ಎಲ್ಲರೂ ಕೊಳಗ ಕುಕ್ಕರುಗಳ ನಡುವೆ ದಾಟಿ ಅತ್ತಿಗೆಯ ಕೋಣೆ ಹಾದು ಬರಬೇಕು. ಹಿತ್ತಲ ಆಚೆ, ಹಿಂದಿನ ಕಾಲದಲ್ಲಿ ಕಕ್ಕಸು ತೊಳೆಯುವವರು ಬರುತ್ತಿದ್ದ ಜಾಡಮಾಲಿ ಗಲ್ಲಿ ಒಂದಿತ್ತು, ಹಿಂದಿನ ಮನೆಯವರು ಕಟ್ಟಡ ಮುಂದಕ್ಕೆ ಚಾಚಿ ಅದನ್ನು ನುಂಗಿ ಎಷ್ಟೋ ಕಾಲವಾಗಿತ್ತು.

"ದಾರಿ ಯಾಕೆ ಸಾರ್? ಒಳಗಿಂದಾನೇ ಓಡಾಡ್ತಾಳೆ" ಎಂದ ಅಣ್ಣ.

"ಓಡಾಡ್ತಾರೆ ಸ್ವಾಮಿ. ಆದ್ರೆ ಪತ್ರ ಆದ ಮೇಲೆ ಅಂಗಡಿ ನಿಮ್ಮದು, ನಡುಮನೆ ಇವರದು. ಬೀದಿಗೆ ದಾರಿ ಇಲ್ಲದ ಪಾಲಿಗೆ ಬೇರೆ ಖಾತೆ ಮಾಡಿ ಅಂತ ನಗರಸಭೆಗೆ ಹೋದ್ರೆ ಇದೇ ಪ್ರಶ್ನೆ ಕೇಳಿ ವಾಪಸ್ಸು ಕಳಿಸ್ತಾರೆ. ಬೀದಿಯಿಂದ ಹಿಂದಿನವರೆಗೂ ಒಂದು ದಾರಿ ಬಿಟ್ಟು ಅದನ್ನ ಪತ್ರದಲ್ಲಿ ಕಾಣಿಸತಕ್ಕದ್ದು."

ಬಿಡುವುದಾದರೆ ಉತ್ತರದ ಗೋಡೆಯ ಪಕ್ಕದಲ್ಲಿ ಮಾತ್ರ ಬಿಡಲು ಸಾಧ್ಯ. ದಕ್ಷಿಣದ ಗೋಡೆಗೆ ಅಡುಗೆಮನೆ, ಬಚ್ಚಲು ಎಲ್ಲ ಅಂಟಿಕೊಂಡಿವೆ. ಆದರೆ ಉತ್ತರದ ಗೋಡೆಗೆ ಅಂಗಡಿಯಲ್ಲಿ ಅಪ್ಪನ ಗಾದಿ ಇತ್ತು. ಅಪ್ಪ ವಿಭೂತಿ ಹಚ್ಚಿಕೊಂಡು ಬೀದಿ ನೋಡುತ್ತಾ ಕೂರುತ್ತಿದ್ದ ಜಾಗ. ಈಗ ಅಣ್ಣ ಅದೇ ರೀತಿ ಕೂರುತ್ತಾನೆ. ಅವನ ಮುಖ ಸಣ್ಣಗಾಯಿತು.

"ಜಾಗದ ಪ್ರಶ್ನೆ ಅಲ್ಲ" ಎಂದ, ಬಾಂಡ್ ರೈಟರ್ ಹೋದ ಮೇಲೆ. "ದಾರಿ ಅಂತ ಬರೆಸೋದು ಅಂದ್ರೇನು? ನಾಳೆ ನಾನು ನನ್ನ ಅಕ್ಕನಿಗೆ ಬಾಗಿಲು ಹಾಕ್ತೀನಿ ಅಂತ ಇವತ್ತೇ ಬರೆಸಿದ ಹಾಗೆ. ಊರವರು ಓದಿದ್ರೆ ಏನಂತಾರೆ? ಅಕ್ಕ, ನೀನೇ ಹೇಳು. ನಾನು ಯಾವತ್ತಾದ್ರೂ ನಿನಗೆ ಬಾಗಿಲು ಹಾಕಿದೀನಾ?"

ಅಕ್ಕ ಇಲ್ಲ ಎಂದಳು. ಅದು ನಿಜವೂ ಆಗಿತ್ತು. ನಾನು ಏನೋ ಹೇಳಲು ಬಾಯಿ ತೆರೆದೆ, ಅವಳು ಕಣ್ಣಿನಲ್ಲೇ ತಡೆದಳು. ಕೆಲಸ ಅಲ್ಲಿಗೆ ನಿಂತಿತು. ಅಣ್ಣ ನೋಡೋಣ ನೋಡೋಣ ಎನ್ನುತ್ತಾ ವಾರಗಳನ್ನು ತಳ್ಳಿದ. ಅಕ್ಕ ಫೋನಿನಲ್ಲಿ ಪತ್ರದ ಮಾತೆತ್ತುವುದನ್ನೇ ಬಿಟ್ಟಳು. ಅವಳ ಮನೆ ನಂಬರು ಹೋಯಿತು ಎಂದೇ ನನಗೂ ಅನಿಸಿತು.

ಅಂಥದ್ದರಲ್ಲಿ ಒಂದು ಭಾನುವಾರ ದಾವಣಗೆರೆಯಿಂದ ಅತ್ತಿಗೆಯ ತಂಗಿ ಸಂಸಾರ ಸಮೇತ ಬಂದಿದ್ದಳು. ಸಕ್ರೆಬೈಲಿನಲ್ಲಿ ಆನೆಗಳಿಗೆ ಸ್ನಾನ ಮಾಡಿಸುವುದು ಬೆಳಿಗ್ಗೆ ಮಾತ್ರ. ಅದನ್ನು ನೋಡಲು ಎಲ್ಲರೂ ಕಾರು ಹತ್ತಿ ಬೇಗನೆ ಹೊರಟಿದ್ದಾರೆ. ಹೊರಡುವ ಮುಂಚೆ ಅಣ್ಣ ನಡುಮನೆಯಲ್ಲಿ ನಿಂತು "ಅಕ್ಕಾ" ಎಂದು ಕರೆದಿದ್ದಾನೆ. ಉತ್ತರ ಬಂದಿಲ್ಲ. ಗುಡಿಗೆ ಹೋಗಿರಬೇಕು ಎಂದುಕೊಂಡು, "ಮನೇಲಿ ಯಾರೂ ಇಲ್ಲ, ಹೊರಡಿ ಹೊರಡಿ" ಎನ್ನುತ್ತಾ ಶಟರ್ ಎಳೆದು ಬೀಗ ಹಾಕಿಕೊಂಡು ಹೋಗಿದ್ದಾನೆ.

ಅಕ್ಕ ಒಳಗೇ ಇದ್ದಳು. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತಿದ್ದಳು. ಲಿಂಗಪೂಜೆಯ ನಡುವೆ ಅಕ್ಕ ಮಾತಾಡುವುದಿಲ್ಲ, ಅಮ್ಮ ಹೇಳಿಕೊಟ್ಟ ಶಿಸ್ತು ಅದು. ಅಣ್ಣ ಕರೆದದ್ದು ಕೇಳಿಸಿದೆ. ಯಾರೂ ಇಲ್ಲ ಎಂದದ್ದೂ ಕೇಳಿಸಿದೆ. ಶಟರ್ ಇಳಿದದ್ದೂ ಕೇಳಿಸಿದೆ. ಪೂಜೆ ಮುಗಿಸಿ, ಲಿಂಗ ಕಟ್ಟಿಕೊಂಡು, ಆಮೇಲೆ ನನಗೆ ಫೋನ್ ಮಾಡಿದಳು.

"ಗಾಬರಿ ಆಗ್ಬೇಡ. ನಾನು ಒಳಗೆ ಸಿಕ್ಕಿಹಾಕ್ಕೊಂಡಿದೀನಿ."

ಅಣ್ಣನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಅತ್ತಿಗೆಯದೂ ಅಷ್ಟೇ. ಆನೆಯ ಮೈ ಮೇಲೆ ನೀರೆರಚುವ ಗಡಿಬಿಡಿಯಲ್ಲಿ ಇಬ್ಬರ ಫೋನೂ ಕಾರಿನಲ್ಲೇ ಇದ್ದವೆಂದು ಆಮೇಲೆ ಗೊತ್ತಾಯಿತು. ನಮ್ಮ ಮನೆಯಿಂದ ಸಕ್ರೆಬೈಲು ಒಂದು ದಿಕ್ಕು, ಭದ್ರಾವತಿ ಇನ್ನೊಂದು ದಿಕ್ಕು. ಬೀಗದ ಕೈ ಇರುವ ಕಡೆ ಹೋಗಲೋ, ಅಕ್ಕ ಇರುವ ಕಡೆ ಹೋಗಲೋ ಎಂದು ಬಸ್ ಸ್ಟ್ಯಾಂಡಿನಲ್ಲಿ ನಿಂತು ಒಂದು ಕ್ಷಣ ತೋಚಲಿಲ್ಲ. ಕೊನೆಗೆ ಭದ್ರಾವತಿ ಬಸ್ಸು ಹತ್ತಿದೆ.

ಹೋಗಿ ನೋಡಿದರೆ ಶಟರಿನ ಮುಂದೆ ಇಬ್ಬರು ನಿಂತಿದ್ದರು. ಒಬ್ಬ ಕುಕ್ಕರಿನ ಗ್ಯಾಸ್ಕೆಟ್ ಕೇಳಲು ಬಂದವನು. ಮುಚ್ಚಿದ ಅಂಗಡಿಯೊಳಗಿಂದ "ಸಂಜೆ ಬನ್ನಿ" ಎಂದು ಹೆಂಗಸಿನ ದನಿ ಬಂದದ್ದಕ್ಕೆ ಅವನು ಹೋಗಲೂ ಆಗದೆ ಇರಲೂ ಆಗದೆ ನಿಂತಿದ್ದ. ಇನ್ನೊಬ್ಬಾಕೆ ಫ್ಯಾಕ್ಟರಿ ಕಡೆಯ ತಮಿಳಿನವಳು, ಅಕ್ಕನ ಹಳೆಯ ಗಿರಾಕಿ. ಅವತ್ತು ಮಧ್ಯಾಹ್ನವೇ ಅವಳ ಮಗಳ ನಿಶ್ಚಿತಾರ್ಥ. ಹೊಲಿದ ಬ್ಲೌಸು ಒಳಗೆ, ಹುಡುಗಿಯ ತಾಯಿ ಹೊರಗೆ.

ನಾನು ಶಟರಿಗೆ ಮುಖ ಹಚ್ಚಿ, "ಅಕ್ಕ, ಬೀಗ ಒಡೆಸ್ತೀನಿ. ಯಾರನ್ನಾದ್ರೂ ಕರೀತೀನಿ" ಎಂದೆ.

"ಬೇಡ. ಭಾನುವಾರ ಬೀದಿ ಜನ ಎಲ್ಲ ಸೇರ್ತಾರೆ. ಅವನ ಮರ್ಯಾದೆ ಹೋಗುತ್ತೆ" ಎಂದಿತು ಶಟರು.

"ಅವನ ಮರ್ಯಾದೆ ಹಾಳಾಗ್ಲಿ. ನಿನ್ನದೇನು ಕಥೆ?"

"ನನ್ನದೇನು, ಉಪ್ಪಿಟ್ಟು ತಿಂದೆ. ಆರಾಮಾಗಿದೀನಿ. ಆ ತಾಯಿ ಬ್ಲೌಸ್ ಒಂದು ಕೊಡ್ಬೇಕಲ್ಲ."

ಸ್ವಲ್ಪ ಹೊತ್ತು ಒಳಗೆ ಪಾತ್ರೆ ಸರಿಸಿದ ಸದ್ದು. ಅಕ್ಕನಿಗೆ ಬ್ಲೌಸಿಗೆ ಬೇಕಾದಷ್ಟು ತಮಿಳು ಬರುತ್ತದೆ. "ಮೇಲೆ ಪಾರು ಮಾ, ಮೇಲೆ" ಎಂದು ಕೂಗಿದಳು. ನಾವೆಲ್ಲ ಮೇಲೆ ನೋಡಿದೆವು. ಶಟರಿನ ಮೇಲೆ ಗಾಳಿಗೆಂದು ಬಿಟ್ಟ ಕಂಬಿಕಿಂಡಿಯಿಂದ, ತೂಗುಹಾಕಿದ ಪಾತ್ರೆ ಇಳಿಸುವ ಕೊಕ್ಕೆಕೋಲು ಮೆಲ್ಲಗೆ ಹೊರಬಂತು. ಅದರ ತುದಿಯಲ್ಲಿ ಸುರುಳಿ ಸುತ್ತಿದ ಹಸಿರು ರೇಷ್ಮೆ ಬ್ಲೌಸು. ಗ್ಯಾಸ್ಕೆಟ್ಟಿನವನೇ ಎಗರಿ ಹಿಡಿದುಕೊಟ್ಟ. ಆ ತಾಯಿ ಬ್ಲೌಸನ್ನು ಕಣ್ಣಿಗೊತ್ತಿಕೊಂಡು ಶಟರಿಗೆ ಕೈಮುಗಿದು ಓಡಿದಳು. ಅಷ್ಟು ಸಿಟ್ಟಿನಲ್ಲೂ ನನಗೆ ನಗು ತಡೆಯಲಾಗಲಿಲ್ಲ. ಒಳಗೆ ಅಕ್ಕನೂ ನಗುತ್ತಿದ್ದಳು. ನಗುತ್ತಾ ನಗುತ್ತಾ ಅವಳ ದನಿ ಒಡೆಯಿತು. ಅವಳು ಆ ಕಡೆ, ನಾನು ಈ ಕಡೆ, ತಗಡಿಗೆ ಬೆನ್ನು ಆನಿಸಿ ಕೂತಿದ್ದೆವು.

ಕೊನೆಗೆ ಮಿಸ್ಡ್ ಕಾಲ್ ನೋಡಿ ಅಣ್ಣನೇ ಫೋನ್ ಮಾಡಿದ, ವಿಷಯ ಹೇಳಿದೆ. ಅವನ ಕಾರು ಬಂದಾಗ ಬಿಸಿಲು ನೆತ್ತಿಗೇರಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೈಯಲು ಮಾತು ಜೋಡಿಸಿಕೊಂಡಿದ್ದೆ. ಅವನು ಇಳಿದ ರೀತಿ ನೋಡಿ ಒಂದೂ ಹೊರಡಲಿಲ್ಲ. ಪ್ಯಾಂಟು ಮಂಡಿಯವರೆಗೆ ಒದ್ದೆ, ಗಡಿಬಿಡಿಗೆ ಬೀಗದ ಕೈ ತೂತಿಗೆ ಹೋಗುತ್ತಿಲ್ಲ. ನಾನೇ ಇಸಿದುಕೊಂಡು ತೆಗೆದೆ. ಶಟರ್ ಮೇಲೆ ಹೋಯಿತು. ಅಕ್ಕ ಕೊರಳಿಗೆ ಟೇಪು ಹಾಕಿಕೊಂಡು ನಿಂತಿದ್ದಳು.

"ಕರೆದೆ ಕಣೆ ಅಕ್ಕ. ನೀನು ಮಾತಾಡ್ಲಿಲ್ಲ."

"ಪೂಜೆಗೆ ಕೂತಿದ್ದೆ."

"ಯಾರೂ ಇಲ್ಲ ಅಂದುಕೊಂಡೆ..."

"ಹೂಂ. ನೀನು ಹೇಳಿದ್ದು ಕೇಳಿಸ್ತು" ಎಂದಳು ಅಕ್ಕ. ದನಿಯಲ್ಲಿ ಕೋಪ ಇರಲಿಲ್ಲ. ಅದಕ್ಕೇ ಇರಬೇಕು, ಅಣ್ಣ ಗಾದಿಯ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡ. ನನಗೆ ಅವನನ್ನು ನೋಡಿ ಅಯ್ಯೋ ಪಾಪ ಎನಿಸಿತು. ಅಕ್ಕ ಒಳಗೆ ಹೋಗಿ ಎಲ್ಲರಿಗೂ ಮಜ್ಜಿಗೆ ತಂದಳು.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಅವನೇ ಗಾದಿಯನ್ನು ದಕ್ಷಿಣದ ಗೋಡೆಗೆ ಎಳೆದು ಹಾಕಿದನಂತೆ. ಅತ್ತಿಗೆ ಫೋನಿನಲ್ಲಿ ಪಿಸುಗುಟ್ಟಿದಳು. ಆಮೇಲೆ ಅಕ್ಕನ ಹೊಲಿಗೆ ಮೆಷಿನ್ನನ್ನು ಹೊತ್ತು ತಂದು ಗೋಡೆಯ ಪಕ್ಕ ಅಡ್ಡಡ್ಡ ಇಟ್ಟು, ಅದು ಸಲೀಸಾಗಿ ಹೋಗುವಷ್ಟು ಅಗಲ ನೋಡಿಕೊಂಡು ಸೀಮೆಸುಣ್ಣದಲ್ಲಿ ಬೀದಿಯಿಂದ ಹಿತ್ತಲಿನವರೆಗೂ ಗೆರೆ ಎಳೆದ. ನನ್ನ ನಡುಮನೆಯ ಉತ್ತರದ ಅಂಚೂ ಅದರಲ್ಲಿ ಹೋಯಿತು. ನನ್ನನ್ನೊಂದು ಮಾತು ಕೇಳಲಿಲ್ಲ. ಕೇಳಿದ್ದರೆ ಬೈಸಿಕೊಳ್ಳುತ್ತಿದ್ದ.

ಬಾಂಡ್ ರೈಟರ್ ಕರಡು ಓದಿ ಹೇಳಿದರು. ಸದರಿ ದಾರಿಯನ್ನು ಮೂವರು ಪಾಲುದಾರರೂ ಅವರ ವಾರಸುದಾರರೂ ಸಮಾನವಾಗಿ ಬಳಸತಕ್ಕದ್ದು, ಯಾರೂ ಅಡ್ಡಿಪಡಿಸತಕ್ಕದ್ದಲ್ಲ.

"ಬೀಗ ಹಾಕತಕ್ಕದ್ದಲ್ಲ ಅಂತಾನೂ ಸೇರಿಸಿ" ಎಂದ ಅಣ್ಣ.

"ಅಡ್ಡಿ ಅಂದ್ರೆ ಅದರಲ್ಲಿ ಬೀಗಾನೂ ಬರುತ್ತೆ ಸ್ವಾಮಿ."

"ಬರ್ಲಿ. ಆದ್ರೂ ಬರೀರಿ."

ರಿಜಿಸ್ಟರ್ ದಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸರ್ವರ್ ಇರಲಿಲ್ಲ. ಅದು ಬರುವವರೆಗೆ ಹೊರಗೆ ಬೇವಿನ ಮರದ ಕೆಳಗೆ ಕೂತು ಮಂಡಕ್ಕಿ ತಿಂದೆವು. ಅಕ್ಕ ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು, ಕಾಗದಗಳ ಚೀಲವನ್ನು ತೊಡೆಯ ಮೇಲಿಂದ ಇಳಿಸದೆ ಕೂತಿದ್ದಳು. ಕರೆದಾಗ ಒಬ್ಬೊಬ್ಬರಾಗಿ ಕ್ಯಾಮೆರಾ ಮುಂದೆ ಕೂತೆವು, ಬೆರಳು ಒತ್ತಿದೆವು. ಬರೆದದ್ದು ತಿಳಿದು ಒಪ್ಪಿದ್ದೀರಾ ಎಂದು ಅಧಿಕಾರಿ ಒಬ್ಬೊಬ್ಬರನ್ನೂ ಕೇಳಬೇಕು, ಅದು ಕಾನೂನು. ಆಕೆ ಅಣ್ಣನ ಕಡೆ ತಿರುಗಿ, "ಮುಂಭಾಗದಲ್ಲಿ ಜಾಗ ಬಿಟ್ಟುಕೊಡ್ತಿದೀರಿ. ಒಪ್ಪಿಗೆ ಇದೆಯಾ?" ಎಂದರು.

"ಬಿಟ್ಟುಕೊಡೋದೇನಿಲ್ಲ ಮೇಡಂ. ಅವಳು ಓಡಾಡೋ ದಾರಿ ಅದು" ಎಂದ ಅಣ್ಣ.

ಖಾತೆ ಮೂರಾಗಲು ಮತ್ತೊಂದಿಷ್ಟು ಓಡಾಟ ಬೇಕಾಯಿತು. ಆ ಹೊತ್ತಿಗೆ ಅಂಗಡಿಯ ಶಟರು ಕಿರಿದಾಗಿ, ಪಕ್ಕದಲ್ಲಿ ಓಣಿ ಆಗಿತ್ತು. ಬೀದಿಗೆ ಚಿಲಕ ಮಾತ್ರ ಇರುವ ಸಣ್ಣ ಗೇಟು. ಓಣಿಯ ಕೊನೆಗೆ ಅಕ್ಕನ ಬಾಗಿಲು, ಹೊಸ ಹೊಸಿಲು, ಚೌಕಟ್ಟಿನ ಮೇಲೆ ಅವಳದೇ ನಂಬರು. ನಡುಮನೆಯನ್ನು ಅಕ್ಕನಿಗೇ ಬಳಸಲು ಹೇಳಿದ್ದೇನೆ. ಅಲ್ಲಿ ಮೆಷಿನ್ ಇಟ್ಟುಕೊಂಡಿದ್ದಾಳೆ. ಗಿರಾಕಿಗಳು ಈಗ ಅತ್ತಿಗೆಯ ಕೋಣೆ ಹಾಯದೆ ನೇರ ಬರುತ್ತಾರೆ. ಅದರಿಂದ ಅತ್ತಿಗೆಗೂ ನೆಮ್ಮದಿ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ.

ನಂಬರು ಬಂದ ಮೇಲಿನ ಭಾನುವಾರ ಅಕ್ಕನನ್ನು ಸಕ್ರೆಬೈಲಿಗೆ ಕರೆದುಕೊಂಡು ಹೋಗಲು ಹಿಂದಿನ ದಿನವೇ ಹೋಗಿ ಅಲ್ಲೇ ಮಲಗಿದ್ದೆ. ಬೆಳಿಗ್ಗೆ ಅವಳು ಪೂಜೆ ಮುಗಿಸಿ, ಹೊಸಿಲಿಗೆ ರಂಗೋಲಿ ಹಾಕಿ, ಬಾಗಿಲೆಳೆದು ಬೀಗ ಹಾಕಿದಳು. ಹೊಸ ಬೀಗ, ಎರಡು ಸಲ ಎಳೆದು ನೋಡಿದಳು. ಓಣಿ ದಾಟಿ ಬೀದಿಗೆ ಬಂದಾಗ ಅಣ್ಣ ಆಗಷ್ಟೇ ಶಟರ್ ಎತ್ತಿ ಗಾದಿಗೆ ಊದುಬತ್ತಿ ಬೆಳಗುತ್ತಿದ್ದ.

ಅಕ್ಕ ಅಂಗಡಿಯ ಮುಂದೆ ನಿಂತು, ನಾನು ಹುಟ್ಟಿದಾಗಿನಿಂದ ಕೇಳದಷ್ಟು ಗಟ್ಟಿಯಾಗಿ ಹೇಳಿದಳು. "ಆನೆ ನೋಡಕ್ಕೆ ಹೋಗ್ತಿದೀವಿ ಕಣೋ. ನಮ್ಮನೇಲಿ ಯಾರೂ ಇಲ್ಲ. ಗಿರಾಕಿ ಬಂದ್ರೆ ಸಂಜೆ ಬರಕ್ಕೆ ಹೇಳು."

ಅಣ್ಣ ಊದುಬತ್ತಿ ಹಿಡಿದುಕೊಂಡೇ ಎದ್ದು ನಿಂತು, "ಆಯ್ತಕ್ಕ, ಹೇಳ್ತೀನಿ" ಎಂದ.